ನಡುಮನೆಯಲ್ಲಿ ಬಗ್ಗಿದ ಕೂಸು

ಸರ್ವಮಂಗಳಮ್ಮನ ಕುರಿತು ಬಿಳಿಚೋಡಿನಲ್ಲಿ ಇಂದಿಗೂ ತಪ್ಪು ಕಥೆಗಳೇ ಓಡಾಡುತ್ತವೆ. ಆಕೆ ಎರಡನೆಯ ಮಗು ಬೇಡವೆಂದದ್ದು ಸೊಕ್ಕಿನಿಂದಲ್ಲ. ೧೯೭೬ರಲ್ಲಿ ಚೊಚ್ಚಲ ಹೆರಿಗೆಯಾದಾಗ ರಕ್ತ ನಿಲ್ಲದೆ, ಗಂಡ ಕಲ್ಲೇಶಪ್ಪ ಆಕೆಯನ್ನು ಲಾರಿಯಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ಒಯ್ದಿದ್ದ. ಈ ಜೀವ ಇನ್ನೊಂದು ಹೆರಿಗೆಯನ್ನು ತಡೆಯುವುದಿಲ್ಲವೆಂದು ಅಲ್ಲಿಯ ಡಾಕ್ಟರಮ್ಮ ಅವನೆದುರೇ ಹೇಳಿದ್ದರು.

ಮಗಳು ಗಂಗೆಗೆ ಎರಡು ತುಂಬುವ ಹೊತ್ತಿಗೆ ಆ ಮಾತನ್ನು ಮನೆಯವರು ಮರೆತರು. ಅತ್ತೆ ಸಿದ್ದಲಿಂಗಮ್ಮನಿಗೆ ಮೊಮ್ಮಗ ಬೇಕಿತ್ತು. ಸೊಸೆ ಆಪರೇಷನ್ನಿನ ಮಾತೆತ್ತಿದರೆ ಕಲ್ಲೇಶಪ್ಪ ತಾಯಿಯ ಮುಖ ನೋಡುತ್ತಿದ್ದ.

ಆಗಲೇ ಕೂಸು ಬಗ್ಗತೊಡಗಿದ್ದು. ನಡುಮನೆಯಲ್ಲಿ ನಿಂತು, ತಲೆಯನ್ನು ನೆಲದ ತನಕ ಇಳಿಸಿ, ತನ್ನ ಕಾಲುಗಳ ಸಂದಿಯಿಂದ ಹಿಂದಕ್ಕೆ ನೋಡುವುದು. ಕೂಸು ಹಾಗೆ ನೋಡಿದರೆ ಅದರ ಬೆನ್ನಿಗೆ ಇನ್ನೊಂದು ಹುಟ್ಟುತ್ತದೆಂದು ಊರಿನ ನಂಬಿಕೆ.

"ನೋಡೇ ಮಂಗಳಿ, ತಮ್ಮನ್ನ ಕರಿತೈತೆ ಕೂಸು! ನೀನೊಬ್ಬಳು ಬಾಗಿಲು ಹಾಕ್ಕೊಂಡು ಕುಂತೀಯ," ಎಂದಳು ಸಿದ್ದಲಿಂಗಮ್ಮ.

"ಬರೋರನ್ನ ಬ್ಯಾಡ ಅನ್ನಬಾರದವ್ವ," ಎಂದು ನೆರೆಮನೆಯ ಕಸ್ತೂರಮ್ಮ ನಕ್ಕಳು.

ಸರ್ವಮಂಗಳಮ್ಮ ನಗಲಿಲ್ಲ. ಕೂಸಿನ ನೋಟ ಪ್ರತಿಸಲವೂ ಕಂಬದ ಪಕ್ಕದ ಅದೇ ಜಾಗಕ್ಕೆ ಹೋಗುತ್ತಿತ್ತು. ಎದ್ದ ಮೇಲೆ ಅದು ಆ ಜಾಗವನ್ನು ತುಳಿಯುತ್ತಿರಲಿಲ್ಲ; ಮಲಗಿದವರನ್ನು ಬಳಸಿ ಹೋಗುವಂತೆ ಗೋಡೆಗೊತ್ತಿ ನಡೆಯುತ್ತಿತ್ತು.

ಕೂಸು ಬಾಯಿಬಿಟ್ಟದ್ದು ಅಮಾವಾಸ್ಯೆಯ ರಾತ್ರಿಯೆಂದು ಕೆಲವರು ಹೇಳುತ್ತಾರೆ; ಅಲ್ಲ, ಶ್ರಾವಣದ ಒಂದು ಮಧ್ಯಾಹ್ನ. ಸಿದ್ದಲಿಂಗಮ್ಮ ಬೆಲ್ಲದ ಚೂರು ಹಿಡಿದು ಕೇಳಿದಳು: "ಹೇಳು ನನ್ನವ್ವ, ತಮ್ಮ ಬರ್ತಾನಾ?"

"ತಮ್ಮ ಇಲ್ಲ," ಎಂದಿತು ಬಗ್ಗಿದ ಕೂಸು.

"ಮತ್ತ್ಯಾರು ಕಾಣ್ತಾರೆ?"

"ಅವ್ವ. ಮಲ್ಗೈತೆ. ಅಜ್ಜಿ ಅಳ್ತೈತೆ. ಅವ್ವ ಏಳ್ತಿಲ್ಲ."

ಸರ್ವಮಂಗಳಮ್ಮ ಮೊರ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಿದ್ದಲಿಂಗಮ್ಮ ಕಂಬದ ಪಕ್ಕ ನೋಡಿದಳು, ಸೊಸೆಯನ್ನು ನೋಡಿದಳು. ಬೆಲ್ಲ ಕೈಯಿಂದ ಜಾರಿ ಬಿತ್ತು. ಕಲ್ಲೇಶಪ್ಪ ಅಂಗಡಿಯಿಂದ ಬಂದಾಗ ಆಕೆ ಅಂದದ್ದು ಒಂದೇ: "ಕರ್ಕೊಂಡು ಹೋಗೋ ಇವಳನ್ನ. ಮಾಡ್ಸು ಆಪರೇಷನ್."

ಡಾಕ್ಟರಮ್ಮನ ಮಾತಿಗೆ ಜಗ್ಗದಿದ್ದ ಮಗ ಮರುದಿನವೇ ಹೆಂಡತಿಯನ್ನು ಬಸ್ಸು ಹತ್ತಿಸಿದ. ಕೂಸನ್ನು ಎಲ್ಲರೂ ಕೇಳಿದರು; ಹೊರಬೇಕಾದವಳನ್ನು ಒಬ್ಬರೂ ಕೇಳಲಿಲ್ಲ. ಇದನ್ನು ಯಾವ ನ್ಯಾಯವೆನ್ನಬೇಕು?

ಹೊಲಿಗೆ ಬಿಚ್ಚಿಸಿಕೊಂಡು ಆಕೆ ಮನೆಗೆ ಬಂದಾಗ ಗಂಗೆ ಅದೇ ಕಂಬದ ಬಳಿ ಬಗ್ಗಿತ್ತು. ಸಿದ್ದಲಿಂಗಮ್ಮ ಮುಖ ತಿರುಗಿಸಿದಳು. ಸರ್ವಮಂಗಳಮ್ಮನೇ ಕುಕ್ಕರಗಾಲಲ್ಲಿ ಕುಳಿತು ಕೇಳಿದಳು.

"ಈಗ ಯಾರದಾರವ್ವ ಅಲ್ಲಿ?"

"ಯಾರೂ ಇಲ್ಲ," ಎಂದಿತು ಕೂಸು. "ಬರೀ ಚಾಪೆ ಐತೆ."

ಅಲ್ಲಿ ಚಾಪೆಯಿರಲಿಲ್ಲ; ನೆಲ ಖಾಲಿಯಾಗಿತ್ತು. ಸರ್ವಮಂಗಳಮ್ಮ ಮಗಳನ್ನು ಎತ್ತಿಕೊಂಡಳು. ಆ ಜಾಗವನ್ನು ಬಳಸಿ, ಗೋಡೆಗೊತ್ತಿ ಒಳಗೆ ನಡೆದಳು.