ಕಾಕಾನ ಒದ್ದೆ ಕಾಲು

ಕಾದ ಕರಿಕಲ್ಲಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಹೋದ ತಿಂಗಳು ನಾಗಪುರದ ಹೊರಗೆ, ಲಗ್ನಕ್ಕೆ ಬಾಡಿಗೆ ಕೊಡುವ ಒಂದು ಲಾನಿನಲ್ಲಿ ಕಾಕಾನ ಮಗಳ ಲಗ್ನ. ಮಂಟಪದ ಮುಂದಿನ ಕಲ್ಲುಕಟ್ಟೆಗೆ ಯಾರೋ ನೀರು ಹೊಡೆದರು ನೋಡಿ, ಅದೇ ವಾಸನೆ. ಆ ಕಟ್ಟೆ ನಮ್ಮದು. ಆ ಕಲ್ಲುಮನೆ, ಕಲ್ಲಿನ ಕಣಜ, ಮೆಟ್ಟಿಲುಬಾವಿ ಎಲ್ಲ ಒಂದು ಕಾಲಕ್ಕೆ ನಮ್ಮವೇ. ವಿಜಾಪುರದ ಕಡೆಯಿಂದ ಬಂದ ಮುತ್ತಜ್ಜ ಖಾಪರಖೇಡಾದ ದಾರಿಯಲ್ಲಿ ಇವನ್ನೆಲ್ಲ ಕಟ್ಟಿಸಿ, ಕಣಜದ ಆಚೆ ಸಂತ್ರಾ, ಅಂದರೆ ಕಿತ್ತಳೆ ಗಿಡ ಹಚ್ಚಿದ್ದರು.

ಸಂತ್ರಾ ಗಿಡ ಬಲು ಹಟಮಾರಿ. ಉಂಡು ಕುಡಿದು ಸುಖವಾಗಿದ್ದರೆ ಹೂ ಬಿಡುವುದಿಲ್ಲ. ಚಳಿಗಾಲದಲ್ಲಿ ನೀರು ನಿಲ್ಲಿಸಿ ಬಾಯಾರಿಸಬೇಕು. ಎಲೆ ಸೊರಗಿದಾಗ ಸರಿಯಾದ ದಿನ ನೋಡಿ ಮತ್ತೆ ನೀರು ಬಿಟ್ಟರೆ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುತ್ತದೆ. ಆ ದಿನವನ್ನು ಹೇಳುತ್ತಿದ್ದವಳು ನಮ್ಮಜ್ಜಿ. ಮೊಣಕಾಲು ಹಿಡಿದ ಮೇಲೆ ಅವಳು ಪಡಸಾಲೆಯಿಂದ ಇಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನು ಒಂದು ಎಲೆ ತಂದು ಕೊಡುವುದು, ಅವಳು ಅಂಗೈಯಲ್ಲಿ ಒತ್ತಿ ನೋಡುವುದು. ಒಂದು ದಿನ, ಇವತ್ತು ನೀರು ಬಿಡಿರಿ ಎನ್ನುತ್ತಿದ್ದಳು. ಅಲ್ಲಿಂದ ಹೂ ಅರಳುವ ತನಕ ನೀರು ಬಿಡುವವನ ಹೊರತು ಯಾರೂ ತೋಟಕ್ಕೆ ಕಾಲಿಡಬಾರದು. ಅದು ನಮ್ಮ ಮನೆಯ ಕಟ್ಟಳೆ.

ನೀರು ಬಿಡುವವನು ಕಾಕಾ, ಅಪ್ಪನ ತಮ್ಮ. ನನ್ನನ್ನು ಹೆಗಲ ಮೇಲೆ ಹೊತ್ತು ಇತವಾರಿ ಪೇಟೆ ತಿರುಗಿಸಿದವನು. ಫ್ಯಾಕ್ಟರಿಗೆ ಹೋಗಿ ದಣಿದು ಬರುವ ಅಪ್ಪನಿಗಿಂತ ಅವನೇ ನನಗೆ ಇಷ್ಟ. ಜಾಗ ಮಾರೋಣ ಎಂದು ಅವನು, ತೋಟದಲ್ಲಿ ಹಸಿರಿರುವ ತನಕ ಆ ಮಾತೇ ಬೇಡ ಎಂದು ಅಜ್ಜಿ, ಇಬ್ಬರಿಗೂ ಜಗ್ಗಾಟ ನಡೆದೇ ಇತ್ತು. ಒಂದು ವರ್ಷ ಅಜ್ಜಿ ನೀರು ಬಿಡಲು ಹೇಳಿದ ಮೇಲೆ ಕಾಕಾ ದಿನಾ ಸಂಜೆ ಒದ್ದೆ ಕಾಲಲ್ಲಿ ಬರುತ್ತಿದ್ದ. ಕಲ್ಲುಹಾಸಿನ ಮೇಲೆ ಮೂಡಿದ ಹೆಜ್ಜೆ ನೋಡಿ ಅಜ್ಜಿ ಸಮಾಧಾನದಿಂದ ದೀಪ ಹಚ್ಚುತ್ತಿದ್ದಳು. ಹೂವಿನ ವಾಸನೆ ಮಾತ್ರ ಬರಲೇ ಇಲ್ಲ. ಹೋಳಿ ಕಳೆದು ಅಪ್ಪ ಒಳಗೆ ಹೋಗಿ ನೋಡಿದರೆ ಗಿಡಗಳೆಲ್ಲ ಒಣಕಟ್ಟಿಗೆ.

"ನಾನ ಹೇಳಾಕ ತಡಾ ಮಾಡಿದೆ. ನನ್ನ ಕೈ ಸತ್ತೈತಿ," ಎಂದಳು ಅಜ್ಜಿ. ಜಾಗ ಮಾರುವ ಕಾಗದಕ್ಕೆ ಸಹಿ ಹಾಕಿದಳು. ಆಮೇಲೆ ನಾವು ಹೋದ ಲಕ್ಷ್ಮೀ ನಗರದ ಫ್ಲ್ಯಾಟಿನಲ್ಲಿ, ತುಳಸಿ ಎಲೆ ಕೊಟ್ಟರೂ ಅದನ್ನು ಅಂಗೈಯಲ್ಲಿ ಒತ್ತಿ ನೋಡಿ ಕೆಳಗಿಡುತ್ತಿದ್ದಳು. ಹಾಗೇ ಹೋದಳು, ಪಾಪ.

ಲಗ್ನದ ಊಟಕ್ಕೆ ಕಾಕಾ ನನ್ನ ಪಕ್ಕದಲ್ಲೇ ಕೂತ. ಬಾವಿ ಇವತ್ತಿಗೂ ತುಂಬಿದೆಯಲ್ಲ, ಅಷ್ಟು ನೀರುಂಡ ಗಿಡ ಹೇಗೆ ಸತ್ತವು ಎಂದು ನಾನು ಸಹಜವಾಗಿಯೇ ಕೇಳಿದೆ. ಅವನು ಜಿಲೇಬಿ ಮುರಿಯುತ್ತ ನಕ್ಕ.

"ನೀರೆಲ್ಲಿ ಬಿಟ್ಟಿದ್ದೆ ತಂಗಿ? ಬಾವ್ಯಾಗ ಕಾಲಷ್ಟ ತೊಳಕೊಂಡ ಬರ್ತಿದ್ದೆ. ಇಲ್ಲಾಂದ್ರ ನಿಮ್ಮಜ್ಜಿ ಸಹಿ ಹಾಕ್ತಿದ್ಲೇನು? ಎಲ್ಲಾರಿಗೂ ಚಲೋನ ಆತಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಸಿಟ್ಟಿಗಿಂತ ಮೊದಲು ನನಗೆ ನೆನಪಾದದ್ದು ನನ್ನನ್ನು ಹೊತ್ತ ಆ ಹೆಗಲು. ಅದೇ ಹೆಚ್ಚು ಉರಿಯಿತು. ಬಡಿಸಿದ್ದನ್ನು ಅಲ್ಲೇ ಬಿಟ್ಟು ಎದ್ದುಬಂದೆ. ಕಟ್ಟೆಯ ಮೇಲಿನ ನೀರು ಆಗಲೇ ಆರಿತ್ತು.

ಅಜ್ಜಿ ಹೇಳಿದ ದಿನ ಬರೋಬರ್ ಇತ್ತು. ಅವಳ ಕೈ ಸತ್ತಿರಲಿಲ್ಲ. ಇಷ್ಟು ಹೇಳೋಣವೆಂದರೆ ಅವಳೇ ಇಲ್ಲ.