ಗೋಡೆಯ ಮೇಲಿನ ನಾಲ್ಕನೇ ನಿಯಮ

2024ರ ಫೆಬ್ರುವರಿಯ ಒಂದು ಭಾನುವಾರ, ಬೆಳಿಗ್ಗೆ ಐದೂವರೆ. ಸ್ಥಳ, ಸಿಂಧನೂರಿನ ನಮ್ಮ ಬಾಸ್ಕೆಟ್‌ಬಾಲ್ ಅಂಕಣ. ಹಾಜರಿದ್ದವರು ನಾಯಕ ಮಿಲಿಂದ, ಉಳಿದ ಒಂಬತ್ತು ಆಟಗಾರರು, ಕ್ರೂಸರ್ ಜೀಪಿನ ಚಾಲಕ ಮತ್ತು ನಾನು. ಹನ್ನೊಂದನೆಯ ಆಟಗಾರ ಅಮರೇಶ ದಾರಿಯಲ್ಲಿ ಮಸ್ಕಿಯಲ್ಲಿ ಹತ್ತುವವನಿದ್ದ. ದೈಹಿಕ ಶಿಕ್ಷಕನ ಕೆಲಸದಿಂದ ನಿವೃತ್ತನಾಗಿ ಆಗ ನನಗೆ ಮೂರು ವರ್ಷವಾಗಿತ್ತು. ಈ ತಂಡಕ್ಕೆ ತರಬೇತುದಾರನಾಗಿ ಹತ್ತೊಂಬತ್ತು ವರ್ಷ.

ಲಿಂಗಸುಗೂರಿನಲ್ಲಿ ಅಂದು ಮುಕ್ತ ಪಂದ್ಯಾವಳಿಯ ಕೊನೆಯ ದಿನ. ಒಂಬತ್ತೂವರೆಗೆ ಸೆಮಿಫೈನಲ್, ಎರಡು ಗಂಟೆಗೆ ಫೈನಲ್. ನಮಗೆ ಕಪ್ ಬೇಕೇ ಬೇಕಿತ್ತು. ಆಸೆಗಲ್ಲ, ಅಂಕಣ ಉಳಿಸಿಕೊಳ್ಳಲಿಕ್ಕೆ. ಅಂಕಣದ ಜಾಗ ಒಂದು ಟ್ರಸ್ಟಿಗೆ ಸೇರಿದ್ದು. ಪಕ್ಕದಲ್ಲೇ ಅವರದೊಂದು ಮದುವೆ ಹಾಲ್ ಎದ್ದಿತ್ತು, ವಾಹನ ನಿಲ್ಲಿಸಲು ಸ್ಥಳ ಸಾಲದಾಗಿತ್ತು. ಡಿಸೆಂಬರಿನಲ್ಲಿ ಟ್ರಸ್ಟಿನ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು.

"ಮಾಸ್ತರ್ರ, ಇಷ್ಟು ವರ್ಷ ಆತು, ಒಂದರೆ ಕಪ್ ತಂದೀರೇನು? ಕಮಿಟಿಯವರಿಗೆ ನಾ ಏನಂತ ಹೇಳ್ಲಿ? ಈ ಸಲ ಕಪ್ ತರ್ರಿ, ಅಂಗಳ ನಿಮ್ದು. ಇಲ್ಲಂದ್ರ ಸೋತ ದಿನಾನ ಸಂಜಿಗೆ ಕೀಲಿ ಕೊಟ್ಟುಬಿಡ್ರಿ."

ನಾನು ಒಪ್ಪಿದೆ. ಬೇರೆ ದಾರಿ ಇರಲಿಲ್ಲ. ನಮ್ಮ ತಂಡದ ಪ್ರಶ್ನೆಯಷ್ಟೇ ಆಗಿದ್ದರೆ ನಾನು ಇಷ್ಟು ಚಿಂತಿಸುತ್ತಿರಲಿಲ್ಲ. ಸಾಲಗುಂದ, ಮುಕ್ಕುಂದದಿಂದ ಹನ್ನೊಂದು ಹುಡುಗಿಯರು ಮೊದಲ ಬಸ್ಸಿಗೆ ಬಂದು ಅದೇ ಅಂಕಣದಲ್ಲಿ ಆಟ ಕಲಿಯುತ್ತಿದ್ದರು. ಅವರಿಗೆ ಕಲಿಸುತ್ತಿದ್ದವನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ಮಿಲಿಂದ. ಮೂವತ್ನಾಲ್ಕು ವಯಸ್ಸಿನ ಈ ಮಿಲಿಂದನೂ ಒಂದು ಕಾಲದಲ್ಲಿ ಅಲ್ಲಿಯೇ ಕಲಿತವನು.

ನಮ್ಮ ಕೊರತೆ ಏನೆಂಬುದು ನನಗೆ ಗೊತ್ತಿತ್ತು. ಅಂಕ ಗಳಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಎದುರಾಳಿಯನ್ನು ತಡೆಯುವುದು, ಅಂದರೆ ಡಿಫೆನ್ಸ್, ನಮಗೆ ಬರುತ್ತಿರಲಿಲ್ಲ. ಪ್ರತಿ ಪಂದ್ಯದಲ್ಲಿ ಅರವತ್ತರ ಮೇಲೆ ಬಿಟ್ಟುಕೊಡುತ್ತಿದ್ದೆವು. ಆಗ ಮಿಲಿಂದ ಮಸ್ಕಿಯ ಅಮರೇಶನ ಹೆಸರು ಹೇಳಿದ. ಆರಡಿ ಮೂರಂಗುಲ ಎತ್ತರದ ಈತ ಕಾಲುವೆಯ ಗ್ಯಾಂಗ್‌ಮನ್, ಅಂದರೆ ನೀರಿನ ಸರದಿ ಇರುವಾಗ ಯಾರೂ ಕದ್ದು ತೂಬು ಎತ್ತದಂತೆ ಕಾಯುವವನು. ಅವನಿದ್ದ ಮಸ್ಕಿಯ ತಂಡದ ಎದುರು ಐವತ್ತು ಅಂಕ ಮುಟ್ಟುವುದೇ ಕಷ್ಟವಾಗಿತ್ತು. ಆ ತಂಡ ಆಟಗಾರರಿಲ್ಲದೆ ಚದುರಿಹೋಗಿತ್ತು. ಜನವರಿಯ ಮೊದಲ ವಾರ ಮಸ್ಕಿಯ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವನಿಂದ ನಮ್ಮ ತಂಡದ ಫಾರ್ಮಿಗೆ ಸಹಿ ಹಾಕಿಸಿಕೊಂಡೆ. ಕಪ್ ಬಂದಂತೆಯೇ ಎಂದು ಲೆಕ್ಕ ಹಾಕಿದೆ.

ಮೊದಲ ದಿನ ಅಮರೇಶ ನಮ್ಮ ಅಂಕಣದ ಗೋಡೆಯ ಮುಂದೆ ನಿಂತು, ನೀಲಿ ಬಣ್ಣದಲ್ಲಿ ನಾನೇ ಬರೆದಿದ್ದ ಐದು ನಿಯಮಗಳನ್ನು ಓದಿದ. ಐದೂವರೆ ಎಂದರೆ ಐದೂವರೆ. ಲೇಸಿಗೆ ಎರಡು ಗಂಟು. ಆಡಿದವರೇ ಅಂಕಣ ಗುಡಿಸಬೇಕು. ಆಟದಲ್ಲಿ ಮಾತಿಲ್ಲ. ತೀರ್ಪೇ ಅಂತಿಮ.

"ನಮ್ಮೂರ ಬಂಡೆಗಲ್ಲಿನ ಮ್ಯಾಲ ಹಿಂದಿನ ರಾಜ ಒಂದು ಶಾಸನ ಬರಸ್ಯಾನ್ರಿ ಸರ್," ಎಂದ. "ಅದರಂಗ ಐತಿ ಇದೂ. ಯಾರೂ ಅಳಸಂಗಿಲ್ಲ."

"ಅಳಿಸೋದಕ್ಕೆ ಬರೆದಿಲ್ಲ," ಎಂದೆ.

ಮಿಲಿಂದ ನಕ್ಕ. "ಲೇ ಅಮರ್ಯಾ, ಹದಿನೈದು ವರ್ಷದಾಗ ಈ ಅಂಗಳದಾಗ ನಾವು ಕೆಮ್ಮಿಲ್ಲ. ನೀ ಬಾಯಿ ಮನ್ಯಾಗ ಇಟ್ಟು ಬಾ."

ನಾಲ್ಕನೇ ನಿಯಮಕ್ಕೆ ಕಾರಣವಿತ್ತು. ನಾನು ಶಿಕ್ಷಕನಾದ ಹೊಸದರಲ್ಲಿ ಆಟಗಾರರು ಅಂಕಣದಲ್ಲೇ ಒಬ್ಬರಿಗೊಬ್ಬರು ಬೈದಾಡಿ, ಅದು ಹೊಡೆದಾಟವಾಗಿ, ಸಂಘಟಕರು ಇಡೀ ತಂಡವನ್ನು ಪಂದ್ಯಾವಳಿಯಿಂದ ಹೊರಗೆ ಹಾಕಿದ್ದರು. ಅಂದಿನಿಂದ ನನ್ನ ತಂಡ ಮೌನವಾಗಿ ಆಡುತ್ತದೆ. ಬೇಕಿದ್ದರೆ ಕೈಸನ್ನೆ, ಇಲ್ಲವೆಂದರೆ ನನ್ನ ಸೀಟಿ. ಬೇರೆ ಊರಿನವರು ನಮ್ಮ ಶಿಸ್ತನ್ನು ಹೊಗಳುತ್ತಿದ್ದರು. ನನಗೂ ಅದು ಹೆಮ್ಮೆಯ ವಿಷಯವಾಗಿತ್ತು.

ಅಮರೇಶ ಬಂದ ಮೇಲೆ ಮೂರು ಅಭ್ಯಾಸ ಪಂದ್ಯ ಆಡಿದೆವು. ಎದುರಾಳಿಗಳು 68, 71, 66 ಅಂಕ ಗಳಿಸಿದರು. ಅವನಿಲ್ಲದಾಗಿನದಕ್ಕಿಂತ ಹೆಚ್ಚು! ನನಗೆ ತಲೆ ಕೆಟ್ಟುಹೋಯಿತು. ಉಳಿದ ನಾಲ್ವರು "ಅಮರೇಶ ಇದ್ದಾನಲ್ಲ" ಎಂದು ಕಾಲು ಸಡಿಲ ಬಿಟ್ಟಿರುವುದು ಕಣ್ಣಿಗೆ ಕಂಡಿತು. ಅವರನ್ನು ಗದರಿಸಿದೆ. ಅಮರೇಶನಿಗೆ ದಮ್ಮು ಸಾಲದೆಂದು ಅವನ ಓಟವನ್ನು ಹತ್ತು ಸುತ್ತಿನಿಂದ ಹದಿನೈದಕ್ಕೆ ಏರಿಸಿದೆ. ಆತ ತುಟಿ ಎರಡು ಮಾಡದೆ ಓಡಿದ. ಎರಡು ಸಲ ಓಟ ಮುಗಿಸಿ ನನ್ನ ಹತ್ತಿರ ಬಂದು ನಿಂತಿದ್ದ. "ಏನು?" ಎಂದೆ. "ಏನಿಲ್ರಿ ಸರ್" ಎಂದು ಹೋದ. ಆಗ ಬಿಡದೆ ಕೇಳಬೇಕಿತ್ತು. ಕೇಳಲಿಲ್ಲ.

ಭಾನುವಾರದ ಸೆಮಿಫೈನಲನ್ನು 58–56ರಲ್ಲಿ ಗೆದ್ದೆವು. ಗೆದ್ದೆವೆನ್ನುವುದಕ್ಕಿಂತ ಎದುರಾಳಿ ಕೊನೆಯ ಎಸೆತ ತಪ್ಪಿಸಿದ ಎಂದರೆ ಸರಿ. ಫೈನಲಿನಲ್ಲಿ ಲಿಂಗಸುಗೂರಿನವರೇ ಎದುರು. ಅರ್ಧ ಆಟ ಮುಗಿದಾಗ ಫಲಕದಲ್ಲಿ ನಮ್ಮದು 24, ಅವರದು 41.

ವಿರಾಮ ಹತ್ತು ನಿಮಿಷ. ಬೇವಿನ ಮರದ ಕೆಳಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ನಿಂತಿದ್ದೆ. ಮಿಲಿಂದ ಟವೆಲನ್ನು ನೆಲಕ್ಕೆ ಒಗೆದ.

"ಸರ್, ಈ ಅಮರ್ಯಾ ಏನೋ ಹೇಳ್ಬೇಕಂತಾನ. ತಿಂಗಳಾತು, ನಾಕನೇ ನಂಬರ್ ಅಂತ ಹೆದರಿ ನುಂಗಾಕತ್ತಾನ. ಇವತ್ತರೆ ಕೇಳ್ರಿ. ನಾಳೆ ಆ ಹುಡುಗ್ಯಾರು ಬಸ್ಸಿಳಿದು ಎಲ್ಲಿಗೆ ಹೋಗ್ಬೇಕು?"

"ಹೇಳಪ್ಪ," ಎಂದೆ.

ಅಮರೇಶ ಮೊದಲು ನೆಲ ನೋಡಿದ. ಆಮೇಲೆ ಹೇಳಿದ್ದಿಷ್ಟು: "ನನ್ನ ಕಾಲುವಿಗೆ ಹದಿನೆಂಟು ತೂಬು ಅದಾವ್ರಿ ಸರ್. ಒಬ್ಬ ಮನಷ್ಯಾ ಹದಿನೆಂಟು ಕಾಯಾಕ ಆಗ್ತೈತೇನ್ರಿ? ನಾ ಒದರ್ತೀನಿ. ಮ್ಯಾಲಿನ ತೂಬಿನ ರೈತ ಕೇಳಸ್ಕೊಂಡು ಕೆಳಗಿನವಗ ಒದರ್ತಾನ. ಕಳ್ಳ ಬರೂದ್ರಾಗ ಎಲ್ಲಾರೂ ಎದ್ದಿರ್ತಾರ. ಮಸ್ಕ್ಯಾಗ ಆಟಾನೂ ಹಂಗ ಆಡ್ತಿದ್ವಿ. ಇಲ್ಲಿ ಮಿಲಿಂದಣ್ಣನ ಹಿಂದ ಸ್ಕ್ರೀನ್ ಬರೂದು ನನಗ ಕಾಣ್ತೈತ್ರಿ, ಅವಗ ಕಾಣಂಗಿಲ್ಲ. ಹೇಳಾಕ ಬಾಯಿ ಇಲ್ಲ. ಬಾಯಿ ಇಲ್ಲಂದ್ರ ನಾನೂ ಇವರಂಗ ಒಬ್ಬ ಮನಷ್ಯಾ ಅಷ್ಟ."

ಸ್ಕ್ರೀನ್ ಎಂದರೆ ಎದುರಾಳಿಯೊಬ್ಬ ನಮ್ಮವನ ದಾರಿಗೆ ಗೋಡೆಯಂತೆ ಅಡ್ಡ ನಿಲ್ಲುವುದು. ಚೆಂಡಿನ ಮೇಲೆ ಕಣ್ಣಿಟ್ಟವನಿಗೆ ಬೆನ್ನ ಹಿಂದಿನ ಆ ಗೋಡೆ ಕಾಣುವುದಿಲ್ಲ. ಕಂಡವನು ಕೂಗಬೇಕು. ಇಷ್ಟು ಸರಳ ಸಂಗತಿ. ನಾನು ಕಾವಲುಗಾರನನ್ನು ಕರೆತಂದು ಅವನ ಬಾಯಿಗೆ ಬಟ್ಟೆ ತುರುಕಿದ್ದೆ.

"ಕೂಗು," ಎಂದೆ. "ಎಲ್ಲರೂ ಕೂಗಿ."

ಮೂರನೆಯ ಕ್ವಾರ್ಟರ್, ಅಂದರೆ ಮುಂದಿನ ಹತ್ತು ನಿಮಿಷದ ಆಟದಲ್ಲಿ ನಾನು ನನ್ನ ತಂಡವನ್ನು ಗುರುತಿಸಲಾರದೆ ಹೋದೆ. "ಎಡಕ್ಕ ಬಂದಾ ಮಿಲಿಂದಣ್ಣಾ!" "ಸರಿ ಲೇ ಸರಿ, ಅವನ್ನ ನಂಗ ಬಿಡು!" "ಹಿಂದ ನೋಡ್ಬೇ, ಹಿಂದ!" ವರ್ಷಗಟ್ಟಲೆ ಮೂಕರಾಗಿದ್ದವರ ಗಂಟಲಿನಿಂದ ಮೊದಮೊದಲು ಧ್ವನಿ ಒಡೆದು ಬಂತು. ಆಮೇಲೆ ನಿಲ್ಲಲೇ ಇಲ್ಲ. ಸುಮ್ಮನೆ ನಿಂತಿದ್ದವರ ಕಾಲುಗಳು ಅಮರೇಶನ ಕೂಗಿಗೆ ತಾವಾಗಿ ಚಲಿಸಿದವು. ಲಿಂಗಸುಗೂರಿನ ಪ್ರೇಕ್ಷಕರೊಬ್ಬರು, "ಏನ್ರಪಾ, ಎತ್ತಿನ ಸಂತಿ ಹಚ್ಚೀರೇನು?" ಎಂದು ಛೇಡಿಸಿದರು. ಆ ಹತ್ತು ನಿಮಿಷದಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು ಎಂಟೇ ಅಂಕ. 43–49.

ಕೊನೆಯ ಕ್ವಾರ್ಟರಿನಲ್ಲಿ ಹನ್ನೆರಡು ಸೆಕೆಂಡ್ ಉಳಿದಾಗ 57–58. ಚೆಂಡು ಅವರದು. ಅಮರೇಶ ತನ್ನವನನ್ನು ಬಿಟ್ಟು ಅಡ್ಡ ಹಾರಿ ಅವರ ಪಾಸನ್ನು ಬಡಿದು ಕೆಡವಿದ. ಚೆಂಡು ಮಿಲಿಂದನ ಕೈಗೆ ಬಂತು. ಅವನು ಓಡಿದ, ಎಸೆದ. ಚೆಂಡು ಕಬ್ಬಿಣದ ಬಳೆಯ ಮೇಲೆ ಒಮ್ಮೆ ಪುಟಿದು ಹೊರಕ್ಕೆ ಬಿತ್ತು. ಆಟ ಮುಗಿದ ಸೀಟಿ ಕೂಗಿತು.

ಮೊದಲ ಅರ್ಧದಲ್ಲಿ ಬಿಟ್ಟುಕೊಟ್ಟದ್ದು ನಲವತ್ತೊಂದು, ಎರಡನೆಯ ಅರ್ಧದಲ್ಲಿ ಹದಿನೇಳು. ಸೋತದ್ದು ಒಂದು ಅಂಕದಿಂದ.

ಮರಳುವ ದಾರಿಯಲ್ಲಿ ನಾಲ್ಕೂಮುಕ್ಕಾಲಿಗೆ ಅಮರೇಶ ಮಸ್ಕಿಯಲ್ಲಿ ಇಳಿದ. ನಾನೂ ಇಳಿದೆ. "ತಪ್ಪು ನನ್ನದು ಅಮರೇಶ," ಎಂದೆ.

"ಹಂಗನಬ್ಯಾಡ್ರಿ ಸರ್. ಅರ್ಧಾ ಆಟ ಆಡಿದ್ವಿ, ಚೊಲೋ ಆಡಿದ್ವಿ. ಮುಂದಿನ ವರ್ಷ..." ಎಂದವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದ.

ಒಬ್ಬ ಒಳ್ಳೆಯ ಡಿಫೆಂಡರ್ ಬಂದರೆ ತಂಡ ಕಪ್‌ಗೆ ಪೈಪೋಟಿ ಕೊಡುತ್ತದೆಯೇ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಕೊಡುತ್ತದೆ. ಆದರೆ ಅವನು ಒಬ್ಬನೇ ತಡೆಯುತ್ತಾನೆಂದು ಅಲ್ಲ, ಉಳಿದ ನಾಲ್ವರನ್ನು ಎಚ್ಚರವಾಗಿಡುತ್ತಾನೆಂದು. ಹೊಸಬನಿಗೆ ನಮ್ಮ ಪದ್ಧತಿ ಕಲಿಸುವ ಮೊದಲು ಅವನ ಪದ್ಧತಿ ಏನೆಂದು ಕೇಳಬೇಕು. ಈ ಪಾಠವನ್ನು ನಾನು ಹದಿನೇಳು ಅಂಕ ಹಿಂದೆ ಬಿದ್ದ ಮೇಲೆ ಕಲಿತೆ.

ಐದೂವರೆಗೆ ಸಿಂಧನೂರು. ಆಟಗಾರರು ನಿಯಮದಂತೆ ಅಂಕಣ ಗುಡಿಸಿ ಹೋದರು. ಹುಡುಗಿಯರ ಮನೆಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ಉಳಿದಿತ್ತು. ಮಿಲಿಂದ ಫೋನ್ ಕೈಯಲ್ಲಿ ಹಿಡಿದು ಕುಳಿತೇ ಇದ್ದ. "ನನ್ನ ಕಡಿಂದ ಆಗಂಗಿಲ್ರಿ ಸರ್," ಎಂದ. ಅವನ ಪಟ್ಟಿ ತೆಗೆದುಕೊಂಡು ಹನ್ನೊಂದು ಕರೆಗಳನ್ನೂ ನಾನೇ ಮಾಡಿದೆ. ಮುಕ್ಕುಂದದ ಒಬ್ಬ ತಾಯಿ, "ಆಕಿ ಬೂಟು ತೊಳದು ಬಿಸಲಿಗೆ ಇಟ್ಟಾಳಲ್ರಿ," ಎಂದಳು.

ಆರೂಕಾಲಿಗೆ ಕಾರ್ಯದರ್ಶಿಗಳು ಬಂದರು. ಅಂಕ ಎಷ್ಟೆಂದು ಕೇಳಿದರು. ಹೇಳಿದೆ. "ಒಂದ ಅಂಕಾನ?" ಎಂದು ಗೇಟಿನತ್ತ ನೋಡಿದರು. "ನನ್ನ ಕೈಯಾಗ ಇಲ್ರಿ ಮಾಸ್ತರ್ರ. ಇದ್ದಿದ್ರ..." ಎಂದರು. ಹತ್ತು ನಿಮಿಷ ಸಮಯ ಕೇಳಿಕೊಂಡು, ಸಾಮಾನಿನ ಕೋಣೆಯಿಂದ ಸುಣ್ಣದ ಡಬ್ಬಿ ಮತ್ತು ಕುಂಚ ತಂದೆ.

"ನಾಳೆ ಜೆಸಿಬಿ ಬರ್ತೈತ್ರಿ, ಗ್ವಾಡಿನೂ ಉಳಿಯಂಗಿಲ್ಲ. ಏನ್ ಮಾಡಾಕತ್ತೀರಿ?" ಎಂದರು ಅವರು.

"ತಪ್ಪಿದೆ. ತಿದ್ದಿ ಕೊಡ್ತೀನಿ."

ನಾಲ್ಕನೇ ಸಾಲಿನ ಮೇಲೆ ಸುಣ್ಣ ಬಳಿದೆ. ಮೊದಲ ಕೈಗೆ ನೀಲಿ ಅಕ್ಷರ ಮಸುಕಾಗಿ ಕಾಣುತ್ತಲೇ ಇತ್ತು. ಇನ್ನೊಂದು ಕೈ ಬಳಿದೆ. ಕುಂಚ ತೊಳೆದು ಅದರ ಜಾಗದಲ್ಲಿಟ್ಟೆ. ಗೇಟಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಕೀಲಿಯನ್ನು ಅವರ ಕೈಗೆ ಕೊಟ್ಟೆ.