ಕೂಗು ಬತ್ತಿದ ಬಾಯಿ

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ಗಂಟೆ. ಅವನು ಬಾಯಿ ಬಿಟ್ಟರೆ ಗೇಟಿನಾಚೆಯ ಲಾರಿ ಡ್ರೈವರುಗಳೂ ತಿರುಗಿ ನೋಡುತ್ತಿದ್ದರು.

ಕತ್ತಿನಲ್ಲಿ ಗಡ್ಡೆ ಎದ್ದಿತು. ಆಸ್ಪತ್ರೆಯವರು ಕಿರಣ ಹಾಯಿಸಿ ಕರಗಿಸಿದರು. ಜೀವ ಉಳಿಯಿತು, ಬಾಯಿ ಒಣಗಿತು. ತುತ್ತು ನೀರಿಲ್ಲದೆ ಇಳಿಯದು. ಮಂಡಿಗೆ ಮರಳಿ ಟೊಮೆಟೊ ರಾಶಿಯ ಮುಂದೆ ನಿಂತರೆ ಎರಡನೇ ಕೂಗಿಗೇ ನಾಲಿಗೆ ಅಂಗುಳಕ್ಕೆ ಅಂಟಿತು. ಕೊಳ್ಳಲು ಬಂದವರು ಮುಖ ಮುಖ ನೋಡಿಕೊಂಡರು.

"ನೀರು ಕುಡೀತಾನೇ ಇದೀನಿ. ಬಾಯಲ್ಲಿ ಮಾತ್ರ ಯಾಕೆ ಪಸೆ ಇಲ್ಲ?" ಎಂದು ಡಾಕ್ಟರನ್ನು ಕೇಳಿದ.

"ಊಟದ ಹೊತ್ತಿಗೆ ನರ ಒಂದು ರಾಸಾಯನಿಕ ಬಿಡುತ್ತೆ, ಹಾರ್ಮೋನ್ ಥರದ್ದು," ಎಂದರು ಆಕೆ. "ಅದು ಜೊಲ್ಲುಗ್ರಂಥಿಯ ಜೀವಕೋಶಕ್ಕೆ ಹೊರಗಿಂದ ಅಂಟಿದ್ರೆ, ಒಳಗೆ ಕೂಡಿಟ್ಟಿರೋ ಕ್ಯಾಲ್ಸಿಯಂ ಕೋಶದ ತುಂಬಾ ಚೆಲ್ಲುತ್ತೆ. ಆಗಲೇ ಕೋಶ ನೀರು ಬಿಡೋದು."

"ಹಾಗಾದ್ರೆ ನಂಗೆ ಸುದ್ದಿ ಮುಟ್ತಿಲ್ವಾ?"

"ಮುಟ್ತಿದೆ. ಕೇಳೋ ಕೋಶಗಳೇ ಕಿರಣಕ್ಕೆ ಸತ್ತಿವೆ. ಅದೇ ಸುದ್ದಿ ಕೊಡೋ ಮಾತ್ರೆ ಇದೆ. ಉಳಿದಿರೋ ಕೋಶಗಳು ಎದ್ರೆ ಎದ್ದವು."

ಮಾತ್ರೆಯ ಸುದ್ದಿ ಬೆವರಿನ ಗ್ರಂಥಿಗಳಿಗೆ ಚೆನ್ನಾಗಿಯೇ ಕೇಳಿಸಿತು. ಅಂಗಿ ತೊಯ್ದು ತೊಪ್ಪೆಯಾಯಿತು. "ಬಾಯೊಂದು ಬಿಟ್ಟು ಎಲ್ಲಾ ಕಡೆಯಿಂದ ನೀರು ಬರ್ತಿದೆಯಲ್ರೀ," ಎಂದಳು ಹೆಂಡತಿ. ಅವನು ನಕ್ಕ. ಒಣಗಿದ ತುಟಿ ಒಡೆದು ರಕ್ತ ಬಂತು.

ಕೊನೆಗೆ ನಾಲಿಗೆಗೆ ಒಂದಿಷ್ಟು ತೇವ ದಕ್ಕಿತು, ಎದುರು ಕೂತವರ ಜೊತೆ ಮಾತಾಡುವಷ್ಟು. ಮಂಡಿಯ ಮಾಲೀಕರು ಅವನನ್ನು ಗೇಟು ಕಾಯಲು ಹಾಕಿದರು. ಹರಾಜಿನ ಕಟ್ಟೆ ಹತ್ತಿದವನು ಅವನ ಭಾವಮೈದ.

ಒಂದು ಬೆಳಗ್ಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಹಿಂದೆ ತಲೆಯ ಮೇಲೆ ಮೂಟೆ ಹೊತ್ತ ಹಮಾಲಿ, ಕಾಲಬುಡ ನೋಡುತ್ತ ನಡೆದಿದ್ದ. ಗಂಟೆ ಕೂಗಿದ. ಬಂದದ್ದು ಬರೀ ಉಸಿರು. ಓಡಿಹೋಗಿ ಲಾರಿಯ ಪಕ್ಕಕ್ಕೆ ಬಡಿಯುವಷ್ಟರಲ್ಲಿ ಹಮಾಲಿಯ ಪಾದ ಚಕ್ರದಡಿ ಸಿಕ್ಕಿತ್ತು.

ಆಸ್ಪತ್ರೆಯ ಹೊರಗೆ ಹಮಾಲಿಯ ಹೆಂಡತಿ ಅವನೆದುರು ಬಂದು ನಿಂತಳು. "ಅಲ್ಲೇ ಇದ್ರಂತಲ್ಲ ಅಣ್ಣ. ಒಂದು ಕೂಗು ಹಾಕಬಾರದಿತ್ತಾ?"

"ಹಾಕ್ದೆ ಕಣಮ್ಮ. ಬರಲಿಲ್ಲ."

ಅವಳಿಗೆ ಏನೂ ಅರ್ಥವಾಗಲಿಲ್ಲ. ಅವನು ಕೋಶ, ಕ್ಯಾಲ್ಸಿಯಂ ಎಂದು ಹೇಳಹೊರಟ. ನಾಲಿಗೆ ಮತ್ತೆ ಅಂಟಿಕೊಂಡಿತು. ಅವಳು ಕಾಯಲಿಲ್ಲ, ಒಳಗೆ ಹೋದಳು.

ಮಾಲೀಕರು ಒಂದು ಸೀಟಿ ತರಿಸಿಕೊಟ್ಟರು. ಗಂಟೆ ಅದನ್ನು ಕೊರಳಿಗೆ ಹಾಕಿಕೊಂಡು ಗೇಟಿನಲ್ಲಿ ನಿಂತ. ಹಮಾಲಿ ಮತ್ತೆ ಮೂಟೆ ಹೊರಲಿಲ್ಲ.